ಬೆಳಕಿಗೆ ಹಿಡಿದ ರೊಟ್ಟಿ

ನಮ್ಮ ಬೀರಪ್ಪ ಭಾವ ರೊಟ್ಟಿಯನ್ನು ಮೊದಲು ಕಣ್ಣಿನಿಂದ ತಿನ್ನುತ್ತಿದ್ದರು, ಆಮೇಲೆ ಬಾಯಿಂದ. ತಾಟಿನ ಮುಂದೆ ಕೂತವರೇ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಬಾಗಿಲ ಬೆಳಕಿಗೆ ಹಿಡಿಯುವರು. ತಲೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ಅದರೊಳಗೆ ಏನೋ ಅಡಗಿದೆ ಎಂಬಂತೆ ಹುಡುಕುವರು. ಜೋಳದ ರೊಟ್ಟಿಯೇನು ಕಿಟಕಿಯ ಗಾಜೇ? ಅದರಲ್ಲಿ ಅವರಿಗೆ ಏನು ಕಾಣುತ್ತಿತ್ತೋ ದೇವರಿಗೇ ಗೊತ್ತು. ಎಲ್ಲಾದರೂ ಒಂದು ಕರಿ ಚುಕ್ಕೆ ಸಿಕ್ಕಿತೋ, ಮುಗಿಯಿತು.

"ಏನ ಹಾಕೀದಿ ಇದರಾಗ?"

"ಏನೂ ಹಾಕಿಲ್ರಿ, ಭಾವಾ."

"ಮತ್ತ ಇದೇನು?"

"ಹಂಚಿಗೆ ಹತ್ತಿ ಕರಕಾಗೇತ್ರಿ."

ನಾನು ಮದುವೆಯಾಗಿ ಇಚಲಕರಂಜಿಯ ಪಕ್ಕದ ಕಬನೂರಿಗೆ ಬಂದ ಹೊಸತು. ಗಂಡನ ಅಣ್ಣನ ಎದುರು ಸೆರಗು ಹೊದ್ದು, ತಲೆ ತಗ್ಗಿಸಿ ನಿಲ್ಲುವ ಕಾಲ. ಮಾತಾಡುವುದಂತೂ ದೂರ. ಹೀಗಾಗಿ ನಾನು ಭಾವನೊಂದಿಗೆ ಆಡಿದ ಮೊದಲ ಮಾತೇ "ಏನೂ ಹಾಕಿಲ್ರಿ." ಮುಂದೆ ಎಷ್ಟೋ ದಿನ ಅದೊಂದೇ ಮಾತು. ಕೊಲೆ ಕೇಸಿನಲ್ಲಿ ಸಿಕ್ಕವರೂ ಅಷ್ಟು ಸಲ ತಾವು ನಿರಪರಾಧಿ ಎಂದು ಹೇಳಿರಲಾರರು.

ಭಾವ ಹುಡುಕುತ್ತಿದ್ದದ್ದು ವಿಷವನ್ನಲ್ಲ, ಸೊಪ್ಪನ್ನು. ಪುಂಡಿ, ಮೆಂತ್ಯ, ರಾಜಗಿರಿ, ಬದನೆ, ಹೀರೆ, ಯಾವುದರ ಹೆಸರನ್ನೂ ಅವರೆದುರು ಎತ್ತುವ ಹಾಗಿರಲಿಲ್ಲ. ಉಳ್ಳಾಗಡ್ಡಿಗೆ ಮಾತ್ರ ಮಾಫಿ, ಅದು ಮಟನ್ನಿನ ಬಳಗವೆಂದು. ಗಂಡನ ಮನೆಯವರು ಮೂಲದಲ್ಲಿ ಕುರಿ ಕಾಯುವವರು. ಭಾವ ಎಳೆತನದಲ್ಲಿ ಕುರಿಯ ಹಿಂದೆ ತಿರುಗಿದವರು. ಯಾರಾದರೂ ಪಲ್ಯ ತಿನ್ನು ಎಂದರೆ ಅವರ ಉತ್ತರ ಸಿದ್ಧವಾಗಿರುತ್ತಿತ್ತು.

"ಕುರಿ ತಿನ್ನೂದನ್ನ ಕುರಿ ತಿನ್ಲಿ. ನಾ ಕುರೀನ ತಿಂತೇನಿ. ನಡುವ ನನಗ್ಯಾಕ ಎರಡೂ ಕೆಲಸಾ?"

ಅವರ ಹೆಂಡತಿ ನನ್ನ ಮದುವೆಗೆ ಮೊದಲೇ ಕ್ಷಯದಿಂದ ತೀರಿಕೊಂಡಿದ್ದರು. ಇದ್ದ ಒಬ್ಬಳೇ ಮಗಳು ಕಲ್ಲವ್ವನನ್ನು ಗಡಹಿಂಗ್ಲಜಕ್ಕೆ ಕೊಟ್ಟಾಗಿತ್ತು. ಆದ್ದರಿಂದ ಒಲೆ ನನ್ನ ಪಾಲಿಗೆ ಬಂತು, ಒಲೆಯ ಜೊತೆ ಭಾವನ ಸಂಶಯವೂ ಬಂತು. ಅದಕ್ಕೆ ಸರಿಯಾಗಿ ನನ್ನ ತವರು ನೇಸರಿ. ಅಲ್ಲಿ ಹಿತ್ತಲಲ್ಲಿ ಸೊಪ್ಪಿನ ಮಡಿ ಇಲ್ಲದ ಮನೆಯಿಲ್ಲ. ನಾನು ಟ್ರಂಕಿನಲ್ಲಿ ಸೀರೆಯ ನಡುವೆ ಮೆಂತ್ಯದ ಬೀಜದ ಗಂಟು ಇಟ್ಟುಕೊಂಡು ಬಂದಿದ್ದೆ. ಭಾವ ಅದನ್ನು ನೋಡಿದ ದಿನವೇ ನನ್ನ ಹೆಸರು ಹೋಗಿ "ನೇಸರಿ" ಆಯಿತು. "ನೇಸರಿ ಮಂದೀನ ನಂಬಬಾರದು. ಹಾಲಿನಾಗೂ ಸೊಪ್ಪ ಅರದ ಹಾಕ್ತಾರ" ಎಂದು ಅವರು ತಮ್ಮನಿಗೆ ಹೇಳಿದ್ದು ನನಗೆ ಒಳಗೆ ಕೇಳಿಸಿತ್ತು. ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ.

ಹರೆಯದಲ್ಲಿ ಭಾವ ಕೊಲ್ಹಾಪುರದ ಒಂದು ತಾಲೀಮಿನಲ್ಲಿ ಕುಸ್ತಿ ಕಲಿತಿದ್ದರಂತೆ. ಆಮೇಲೆ ಕುಸ್ತಿ ಬಿಟ್ಟರು, ಕುಸ್ತಿಯ ಊಟ ಬಿಡಲಿಲ್ಲ. ಎಮ್ಮೆಯ ಹಾಲು, ಬೆಲ್ಲ ತುಪ್ಪ, ವಾರದಲ್ಲಿ ಎರಡು ದಿನ ಮಟನ್ನಿನ ಕೆಂಪು ರಸ್ಸಾ. ಪೈಲವಾನನ ಎದೆ ನಿಧಾನವಾಗಿ ಕೆಳಗಿಳಿದು ಹೊಟ್ಟೆಯಾಯಿತು. ಅವರು ಒಂದು ಮಗ್ಗದ ಕಾರಖಾನೆಯಲ್ಲಿ ಜಾಬರ್, ಅಂದರೆ ಕೆಟ್ಟ ಮಗ್ಗ ದುರಸ್ತಿ ಮಾಡುವವರು. ನಮ್ಮ ಮನೆಯವರು ಅಲ್ಲೇ ಮಗ್ಗ ನಡೆಸುತ್ತಿದ್ದರು. ಕಿವಿ ಹಾರಿಹೋಗುವಂಥ ಆ ಸದ್ದಿನಲ್ಲಿ ಯಾವ ಮಗ್ಗ ನರಳುತ್ತಿದೆ ಎಂದು ಭಾವನಿಗೆ ತಿಳಿಯುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನನಗೆ ಅದರ ಮೇಲೂ ಸ್ವಲ್ಪ ಗುಮಾನಿಯೇ.

ನಾನು ಬಂದ ಕೆಲವು ವರ್ಷಕ್ಕೆ ಮಾಲಕರು ಅದೇ ಛಪ್ಪರದೊಳಗೆ ಇನ್ನಷ್ಟು ಮಗ್ಗ ತಂದು ತುರುಕಿದರು. ಮಗ್ಗ ಮಗ್ಗದ ನಡುವಿನ ಓಣಿ ಇಕ್ಕಟ್ಟಾಯಿತು. ತೆಳ್ಳಗಿನವರು ನೆಟ್ಟಗೆ ಹೋಗುವರು, ನಮ್ಮ ಮನೆಯವರು ಓರೆಯಾಗಿ ಹೋಗುವರು, ಭಾವ ಹೇಗೂ ಹೋಗಲಾರರು. ಆದರೂ ಹೋದರು. ಒಂದು ದಿನ ಮಗ್ಗ ಓಡಿಸುವ ಬೆಲ್ಟಿಗೆ, ತಿರುಗುವ ಪಟ್ಟಾಕ್ಕೆ, ಅವರ ಅಂಗಿ ಸಿಕ್ಕಿತು. ಅಂಗಿ ಹಳೆಯದಾಗಿದ್ದು ಪುಣ್ಯ. ಅದು ಪರ್ರೆಂದು ಹರಿದು ಪಟ್ಟಾದೊಂದಿಗೆ ಮೇಲೆ ಹೋಯಿತು, ಭಾವ ಬರಿಮೈಯಲ್ಲಿ ಕೆಳಗೆ ಉಳಿದರು. ಮಾಲಕರು ಕರೆದು ಹೇಳಿದರು: ದಸರಾದೊಳಗೆ ಮೈ ಇಳಿಸು, ಇಲ್ಲದಿದ್ದರೆ ಗೇಟಿನಲ್ಲಿ ಕೂತು ಕಾವಲು ಮಾಡು, ಮಗ್ಗಕ್ಕೆ ಬೇರೆಯವರನ್ನು ನೋಡುತ್ತೇನೆ.

ಬೇರೆಯವರು ಅಂದರೆ ಯಾರೆಂದು ನನಗೆ ಆಗಲೇ ಅನುಮಾನ. ಮಾಲಕರ ಹೆಂಡತಿಯ ತಮ್ಮ ಜಾಬರ್ ಕೆಲಸ ಕಲಿತು ಖಾಲಿ ತಿರುಗುತ್ತಿದ್ದ. ಆಳು ತೆಳ್ಳಗೆ ಹಂಚಿಕಡ್ಡಿ. ಓಣಿ ಇಕ್ಕಟ್ಟಾದದ್ದು ಮಗ್ಗಕ್ಕಾಗಿಯೋ ಅವನಿಗಾಗಿಯೋ ಎಂದು ನಾನು ಕೇಳಿದರೆ, ನಮ್ಮ ಮನೆಯವರು "ನಿನಗೂ ಭಾವನ ಗಾಳಿ ಬಡೀತು" ಎಂದರು.

ನಮ್ಮ ಮನೆಯವರು ಭಾವನನ್ನು ಕೊಲ್ಹಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹಾಲು, ಬೆಲ್ಲ, ಮಟನ್ ಕಡಿಮೆ ಮಾಡಿ, ಕಾಯಿಪಲ್ಯ ಜಾಸ್ತಿ ಮಾಡಿ ಎಂದರಂತೆ ಡಾಕ್ಟರು. ತಿರುಗಿ ಬಂದ ಭಾವ ಜಗುಲಿಯ ಮೇಲೆ ಕೂತು ರುಮಾಲು ಬಿಚ್ಚಿ ಎಸೆದರು.

"ಮೇವು ಬರದ ಕೊಟ್ಟಾನ. ಅಂವಾ ಮನಶ್ಯಾರ ಡಾಕ್ಟರೋ, ದನದ ಡಾಕ್ಟರೋ?"

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಹೊರಡುವಾಗ ಡಾಕ್ಟರು ನಮ್ಮ ಮನೆಯವರ ಕಿವಿಯಲ್ಲಿ "ಹೇಗಾದರೂ ಮಾಡಿ ತಿನ್ನಿಸಿ" ಎಂದಿದ್ದರು. ಮಗ್ಗದ ಸದ್ದಿನಲ್ಲಿ ನರಳಾಟ ಕೇಳುವ ಕಿವಿಗೆ ಅದು ಕೇಳದೇ ಇರುತ್ತದೆಯೇ? ಅಂದಿನಿಂದ ಮನೆಯೇ ಪೊಲೀಸ್ ಕಚೇರಿಯಾಯಿತು. ನಾನು ಸಂತೆಯಿಂದ ಬಂದರೆ ಚೀಲದ ತಪಾಸಣೆ. ಹಿಟ್ಟನ್ನು ತಾವೇ ಜರಡಿ ಹಿಡಿಯುವರು. ಒಮ್ಮೆ ಅಂಗಳದಲ್ಲಿ ಒಂದು ಮೆಂತ್ಯದ ಕಡ್ಡಿ ಸಿಕ್ಕಿತೆಂದು ಅದನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಒಳಗೆ ಬಂದರು.

"ಇದು ಯಾರದು?"

"ಬಾಜೂಮನಿ ಆಡು ತಂದು ಒಗದೇತ್ರಿ."

"ಆಡು ಮೆಂತೆ ಬಿಟ್ಟು ಹೋಗ್ತೈತೆನ? ನಾ ಕುರಿ ಕಾದಾಂವ, ನನಗ ಹೇಳ್ತಿ?"

ಆಮೇಲೆ ಭಾವ ತಮಗೊಂದು ಕಾನೂನು ಮಾಡಿಕೊಂಡರು. ತಳ ಕಾಣದ ಯಾವುದನ್ನೂ ತಿನ್ನುವುದಿಲ್ಲ. ರಸ್ಸಾದ ತಳ ಕಾಣುವುದಿಲ್ಲ, ಅದರಲ್ಲಿ ಏನು ಬೇಕಾದರೂ ಅರೆದು ಹಾಕಬಹುದು, ಬಂದ್. ಕಡಲೆ ಹಿಟ್ಟಿನ ಝುಣಕ ಬಂದ್. ಶೇಂಗಾ ಹಿಂಡಿಯಲ್ಲಿ ಒಣಗಿಸಿ ಪುಡಿ ಮಾಡಿದ ಸೊಪ್ಪು ಇದ್ದೀತು, ಬಂದ್. ಹೋಳಿಗೆಯಂತೂ ಒಳಗೆ ಮುಚ್ಚಿಟ್ಟ ಮಾಲು. ಗಟ್ಟಿ ಹಾಲಿನ ಮೇಲೂ ಅಪನಂಬಿಕೆ ಬಂತು, ನೇಸರಿಯವರ ಬಗ್ಗೆ ತಾವೇ ಆಡಿದ ಮಾತು ನೆನಪಾಗಿ. ಕೊನೆಗೆ ಉಳಿದದ್ದು ಬೆಳಕಿಗೆ ಹಿಡಿದು ಪಾಸಾದ ರೊಟ್ಟಿ, ಉಪ್ಪು, ಉಳ್ಳಾಗಡ್ಡಿ, ತಳ ಕಾಣುವಂಥ ನೀರು ಮಜ್ಜಿಗೆ.

ಹೊರಗೆ ಖಾನಾವಳಿಯಲ್ಲಿ ಬಾರಿಸಿ ಬರುತ್ತಾರೆ, ಮನೆಯಲ್ಲಿ ಸನ್ಯಾಸಿಯ ನಾಟಕ ಎಂದು ನನಗೆ ಖಾತ್ರಿಯಿತ್ತು. ಇಚಲಕರಂಜಿಯಲ್ಲಿ ಅವರು ಮೊದಲಿನಿಂದ ಹೋಗುತ್ತಿದ್ದ ಖಾನಾವಳಿಗೆ ನಮ್ಮ ಮನೆಯವರನ್ನು ಕಳಿಸಿ ವಿಚಾರಿಸಿದೆ. ಖಾನಾವಳಿಯವನೇ ತಿರುಗಿ ಕೇಳಿದನಂತೆ, "ಬೀರಪ್ಪಣ್ಣ ಯಾಕ ಬರೂದು ಬಿಟ್ರಿ? ನಾವೇನ ತಪ್ಪ ಮಾಡೀವಿ?" ಅವನಿಗೂ ನಾವು ಹೇಳಿಕೊಟ್ಟಿದ್ದೇವೆ ಎಂದು ಭಾವ ತಿಳಿದಿದ್ದರು. ನಾನು ಆಣೆ ಮಾಡಿ ಹೇಳುತ್ತೇನೆ, ಅಷ್ಟು ದಿನ ನಾನು ಅವರ ಊಟದಲ್ಲಿ ಒಂದೆಲೆಯನ್ನೂ ಬೆರೆಸಲಿಲ್ಲ. ಬೆರೆಸಬೇಕು ಎನ್ನಿಸಿತ್ತು, ಧೈರ್ಯ ಸಾಲಲಿಲ್ಲ. ಭಾವನ ಮೈ ಇಳಿದದ್ದು ಪಲ್ಯದಿಂದಲ್ಲ, ಬರೀ ಸಂಶಯದಿಂದ.

ಇಳಿದದ್ದೂ ಹೇಗೆ! ಮೊದಲು ಹೊಟ್ಟೆ, ಆಮೇಲೆ ಗಲ್ಲ, ಆಮೇಲೆ ಕುತ್ತಿಗೆ. ಓಣಿಯಲ್ಲಿ ಓರೆಯಾಗಿ ಹೋಗತೊಡಗಿದರು. ಕೆಲಸ ಉಳಿಯಿತು ಎಂದು ನಾವು ಹಿಗ್ಗುವಷ್ಟರಲ್ಲಿ ಜನರ ನೋಟ ಬೇರೆಯಾಯಿತು. ಚಾಳಿನ ಹೆಂಗಸರು ನಲ್ಲಿಯ ಹತ್ತಿರ ನನ್ನನ್ನು ಕಂಡು ಮಾತು ನಿಲ್ಲಿಸುವರು. ಕಾರಖಾನೆಯಲ್ಲಿ ಭಾವನಿಗೆ ನೀರು ಕುಡಿಯುವ ಚರಿಗೆ ಬೇರೆಯಾಯಿತು. ಹತ್ತಿಯ ದೂಳು ಕುಡಿಯುವ ಊರಿನಲ್ಲಿ ಮನುಷ್ಯ ಸುಮ್ಮನೆ ಸೊರಗಿದರೆ ಜನ ಒಂದೇ ಹೆಸರು ಹೇಳುತ್ತಾರೆ. ಅದೇ ಹೆಸರಿನ ರೋಗದಿಂದ ಅವರ ಹೆಂಡತಿ ಹೋಗಿದ್ದರು. ದಪ್ಪ ಎಂದು ತೆಗೆಯಲು ಹೊರಟ ಮಾಲಕರು ಈಗ ತೆಳ್ಳಗಾದ ಎಂದು ತೆಗೆಯಲು ಹೊರಟರು.

ಎದೆಯ ಫೋಟೋ ತೆಗೆಸೋಣ ಎಂದರೆ ಭಾವ ಒಪ್ಪಲಿಲ್ಲ. "ಒಳಗ ಏನೈತಿ ಅಂತ ನೋಡಾಕ ಹೋಗಬಾರದು" ಎಂದರು. ರೊಟ್ಟಿಯ ಒಳಗನ್ನು ಬಿಡದೆ ನೋಡುವ ಮನುಷ್ಯ ಆಡಿದ ಮಾತು ಇದು. ಅವರಿಗೆ ತಮ್ಮ ಮೇಲೇ ಸಂಶಯ ಬಂದಿದೆ ಎಂದು ಆಗ ನನಗೆ ತಿಳಿಯಿತು. ಅವರು ಕೆಮ್ಮಿದರೆ ನಾನೂ ಒಲೆಯ ಮುಂದೆ ಕಿವಿಗೊಟ್ಟು ಕೂರುತ್ತಿದ್ದೆ. ಭಯವಾಗುತ್ತಿತ್ತು.

ದಸರಾದ ದಿನ ಮಗ್ಗಗಳಿಗೆ ಪೂಜೆ. ಚೆಂಡು ಹೂವಿನ ಮಾಲೆ ಹಾಕಿ, ಮಗ್ಗ ನಿಲ್ಲಿಸಿ, ಎಲ್ಲರಿಗೂ ಮಾಲಕರದೇ ಊಟ. ನಾವು ಹೆಂಗಸರು ಬಡಿಸಲು ನಿಂತಿದ್ದೆವು. ಪಂಕ್ತಿಯಲ್ಲಿ ಭಾವನ ಎರಡೂ ಪಕ್ಕ ಜಾಗ ಖಾಲಿ. ನನ್ನ ಕೈಯಲ್ಲಿ ಮೆಂತ್ಯ ಪಲ್ಯದ ಬೋಗುಣಿ. ಅವರ ಎಲೆಯ ಹತ್ತಿರ ಬಂದಾಗ ರೂಢಿಯಂತೆ ದಾಟಿ ಮುಂದೆ ಹೋಗುತ್ತಿದ್ದೆ. ಮಾಲಕರು ಎಲ್ಲರೆದುರೇ ಮರಾಠಿಯಲ್ಲಿ ಕೇಳಿದರು:

"ಕಾಯ್ ರೇ ಬಿರಪ್ಪಾ, ಇತಕಾ ಕಸಾ ವಾಳಲಾಸ್?" ಇಷ್ಟು ಹೇಗೆ ಒಣಗಿದೆಯೋ ಎಂದು.

ಮಾಲಕರ ಹೆಂಡತಿಯ ತಮ್ಮ ಕಂಬಕ್ಕೆ ಒರಗಿ ನೋಡುತ್ತಿದ್ದ. ಭಾವ ತಲೆ ಎತ್ತಿದರು.

"ಭಾಜೀ ಖಾತೋ, ಮಾಲಕ."

ಪಲ್ಯ ತಿನ್ನುತ್ತೇನೆ! ಯಾರೋ ಕಿಸಕ್ಕೆಂದರು. ಕಾರಖಾನೆಯಲ್ಲಿ ಯಾರಿಗೆ ಗೊತ್ತಿಲ್ಲ ಅವರ ಹಟ? ಮಾಲಕರು ನಂಬಲಿಲ್ಲ. ಹಾಗಾದರೆ ತಿನ್ನು, ನೋಡುತ್ತೇನೆ ಎಂದರು.

ಭಾವ ನನ್ನ ಕಡೆ ತಿರುಗಿದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು.

"ಹಾಕು, ನೇಸರಿ. ದಿನಾ ಹಾಕ್ತಿಯಲ್ಲಾ, ಹಂಗ ಹಾಕು."

ಹಾಕಿದೆ. ಅವರು ಬೆಳಕಿಗೆ ಹಿಡಿಯಲಿಲ್ಲ, ಮೂಸಲಿಲ್ಲ, ಪೂರಿಯ ಆಸರೆಯೂ ತಗೊಳ್ಳಲಿಲ್ಲ. ಬರೀ ಪಲ್ಯ ಮುದ್ದೆ ಮಾಡಿ ಬಾಯಿಗಿಟ್ಟರು. ನುಂಗುವಾಗ ಕುತ್ತಿಗೆಯ ನರ ಎದ್ದು ಕಂಡಿತು, ಕಣ್ಣಲ್ಲಿ ನೀರು. "ಖಾರ ಮುಂದ ಆಗೇತಿ" ಎಂದರು. ಅದರಲ್ಲಿ ಖಾರವೇ ಇರಲಿಲ್ಲ. "ಇನ್ನೊಂದೀಟ ಹಾಕು" ಎಂದರು. ಎಲೆ ಬರಿದು ಮಾಡಿ, ಎದ್ದು, ಕೈ ತೊಳೆದು, ಎರಡು ಮಗ್ಗದ ನಡುವಿನ ಓಣಿಯಲ್ಲಿ ಈ ಕಡೆಯಿಂದ ಆ ಕಡೆಗೆ ನೆಟ್ಟಗೆ ನಡೆದುಹೋದರು. ಮಾಲೆಯ ಒಂದು ಹೂವೂ ಉದುರಲಿಲ್ಲ. ಮಾಲಕರು ಒಂದು ಗಳಿಗೆ ನೋಡಿದರು. ಆಮೇಲೆ ಭಾವನ ಚರಿಗೆ ಎತ್ತಿಕೊಂಡು ಅದರಿಂದಲೇ ನೀರು ಕುಡಿದರು. ಮರುದಿನದಿಂದ ಆ ಚರಿಗೆ ಎಲ್ಲರದಾಯಿತು.

ಮನೆಗೆ ಬರುವ ದಾರಿಯುದ್ದಕ್ಕೂ ಭಾವ ಉಗುಳುತ್ತ ಬಂದರು. "ಇದನ್ನ ತಿಂದೂ ಮಂದಿ ನಗತಾರಲ್ಲಾ, ಅವರದು ದೊಡ್ಡ ಮನಸ" ಎಂದರು. ಮರುದಿನ ಬೆಳಗ್ಗೆ ರೊಟ್ಟಿ ಮತ್ತೆ ಬಾಗಿಲ ಬೆಳಕಿಗೆ ಏರಿತು. ಕ್ಷಯವೂ ಇರಲಿಲ್ಲ, ಏನೂ ಇರಲಿಲ್ಲ. ಕೆಲವು ದಿನಕ್ಕೆ ರಸ್ಸಾ ಮತ್ತೆ ಸುರುವಾಯಿತು, ಆದರೆ ಹೊಟ್ಟೆ ಮಾತ್ರ ಮೊದಲಿನಂತೆ ಬೆಳೆಯಲಿಲ್ಲ.

ಕಣ್ಣಿಗೆ ಪೊರೆ ಬಂದ ಮೇಲೆ ಭಾವ ಕೆಲಸ ಬಿಟ್ಟು ಗಡಹಿಂಗ್ಲಜದಲ್ಲಿ ಮಗಳು ಕಲ್ಲವ್ವನ ಮನೆಯಲ್ಲಿದ್ದರು. ತವರಿಗೆ ಹೋಗುವಾಗ ಬಸ್ಸಿಳಿದು ನೋಡಿಕೊಂಡು ಹೋಗುತ್ತಿದ್ದೆ. ಕೊನೆಯ ಸಲ ಹೋದಾಗ ರೊಟ್ಟಿ ಮಾಡಿ ಒಯ್ದಿದ್ದೆ. ಕಾಣದಿದ್ದರೂ ಅದನ್ನು ಎತ್ತಿ ಬಾಗಿಲ ಕಡೆ ಹಿಡಿದರು. ಆಮೇಲೆ ಕೆಳಗಿಟ್ಟು ಕೇಳಿದರು.

"ಈಗರ ಖರೇ ಹೇಳು. ಆವಾಗ ಸೊಪ್ಪ ಹಾಕ್ತಿದ್ದಿ, ಹೌದಿಲ್ಲೊ?"

"ಇಲ್ರಿ ಭಾವಾ."

"ಸುಳ್ಳ. ಹಾಕಿಲ್ಲಂದ್ರ ನಾ ಹೆಂಗ ಇಳಿದೆ? ಹೆಂಗ ಉಳಿದೆ? ಕಲ್ಲವ್ವನ ಅವ್ವ ಹೋದ್ಲು, ನಾ ಹೆಂಗ ಉಳಿದೆ?"

ಅವರ ಮುಖದಲ್ಲಿ ಎಂಥ ಆಸೆಯಿತ್ತೆಂದರೆ ನನ್ನಿಂದ ತಡೆಯಲಾಗಲಿಲ್ಲ.

"ಹಾಕ್ತಿದ್ದೆ ರೀ. ದಿನಾ ಒಂದ ಹಿಡಿ, ಒಣಗಿಸಿ ಬೀಸಿ, ಹಿಟ್ಟಿನಾಗ."

"ಜರಡಿ ಹಿಡೀತಿದ್ದೆ ನಾ!"

"ಜರಡಿ ಆದ ಮ್ಯಾಲ ಹಾಕ್ತಿದ್ದೆ ರೀ."

ಭಾವ ತೊಡೆ ತಟ್ಟಿಕೊಂಡು ನಕ್ಕರು. "ಸಿಕ್ಕಿಬಿದ್ದಿ! ನನಗ ಗೊತ್ತಿತ್ತು!" ಎಂದು ಮಗಳನ್ನು ಕೂಗಿ ಕರೆದು ಹೇಳಿದರು. ಅಷ್ಟು ಖುಷಿಯಿಂದ ಅವರು ರೊಟ್ಟಿ ತಿಂದದ್ದನ್ನು ನಾನು ಕಂಡಿರಲಿಲ್ಲ.

ಮುಂದಿನ ಸುದ್ದಿ ಬಂದದ್ದು ಅವರ ಸಾವಿನದು. ಮಣ್ಣಿಗೆ ಹೋದೆವು, ಮೂರನೆಯ ದಿನ ಎಡೆ ಇಡಲು ನಿಂತೆವು. ರೊಟ್ಟಿ, ಮಟನ್, ಬೆಲ್ಲ, ಅವರು ಪ್ರೀತಿಯಿಂದ ತಿಂದದ್ದನ್ನೆಲ್ಲ ಇಟ್ಟರು. ಕಾಗೆ ಬಂದು ಹತ್ತಿರದ ಕಲ್ಲಿನ ಮೇಲೆ ಕೂತಿತು, ಕೆಳಗಿಳಿಯಲಿಲ್ಲ. ತಲೆ ಓರೆ ಮಾಡಿ ಒಂದೇ ಕಣ್ಣಿನಿಂದ ಎಡೆಯನ್ನು ನೋಡುತ್ತ ಕೂತುಬಿಟ್ಟಿತು. ಅಪ್ಪನ ಆಸೆ ಏನು ಉಳಿಯಿತೋ ಎಂದು ಕಲ್ಲವ್ವ ಅಳತೊಡಗಿದಳು. ಮಗಳನ್ನು ನೋಡಿಕೊಳ್ಳುತ್ತೇವೆ, ತಮ್ಮನನ್ನು ನೋಡಿಕೊಳ್ಳುತ್ತೇವೆ ಎಂದು ಹಿರಿಯರು ಏನೇನೋ ಮಾತು ಕೊಟ್ಟರು. ಕಾಗೆ ಅಲುಗಲಿಲ್ಲ.

ನಾನು ಎಡೆಯನ್ನು ಸರಿಯಾಗಿ ನೋಡಿದೆ. ರೊಟ್ಟಿಯ ಮಗ್ಗುಲಲ್ಲಿ ಒಂದು ಹಿಡಿ ಮೆಂತ್ಯ ಪಲ್ಯ. ಅಪ್ಪನ ಜೀವ ಉಳಿಸಿದ್ದು ಇದೇ ಎಂದು ನಂಬಿ ಕಲ್ಲವ್ವ ಇಟ್ಟಿದ್ದಳು. ನಾನು ಹೇಳಿದ ಸುಳ್ಳಿಗೆ.

ಸೆರಗು ತಲೆಯ ಮೇಲೆ ಎಳೆದುಕೊಂಡು ಹೋಗಿ, ಕೂತು, ಪಲ್ಯವನ್ನು ಒಂದೆಲೆಯೂ ಬಿಡದಂತೆ ಬಳಿದು ತೆಗೆದೆ. ಅದು ತಾಗಿದ್ದ ರೊಟ್ಟಿಯ ಅಂಚನ್ನೂ ಮುರಿದು ತೆಗೆದೆ. ಉಳಿದ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು ತೋರಿಸಿ, ಕೆಳಗಿಟ್ಟೆ.

"ಏನೂ ಹಾಕಿಲ್ರಿ, ಭಾವಾ" ಎಂದೆ.

ನಾನು ಎದ್ದು ಹಿಂದೆ ಸರಿಯುವ ಮೊದಲೇ ಕಾಗೆ ಇಳಿಯಿತು.