ಬೆಟ್ಟದ ಸರದಿ

ದೋನ್ಯಾ ಹಸಿಂತಾ ರೊಟ್ಟಿ ಸೀಯಿಸುತ್ತಿದ್ದುದು ದಿನಕ್ಕೆ ಒಂದೇ ಸಲ, ಅದೂ ರೇಡಿಯೊದಲ್ಲಿ ಬೆಟ್ಟದ ಹವಾಮಾನ ಬರುವ ಹೊತ್ತಿಗೆ. ಥರ್ಮಲ್ ಎಂಬ ಊರಿನಾಚೆಯ ಖರ್ಜೂರದ ತೋಟದಲ್ಲಿ ದುಡಿಯುವ ನಮಗೆಲ್ಲ ಇದು ಗೊತ್ತಿತ್ತು. ಆ ಹೊತ್ತಿನಲ್ಲಿ, ನಾವು ಗೌರವದಿಂದ 'ದೋನ್ಯಾ' ಎನ್ನುವ ಆಕೆಯ ಊಟದ ಗಾಡಿಯ ಮುಂದೆ ನಿಂತು ರೊಟ್ಟಿ ಕೇಳಿದವನು ಹೊಸಬ ಎಂದೇ ಲೆಕ್ಕ.

ಗಾಡಿಯ ಕಿಟಕಿಗೆ ಒಂದು ಹಳೇ ರೇಡಿಯೊ ನೇತುಹಾಕಿದ್ದಳು. ಮಧ್ಯಾಹ್ನ ನಾವು ಊಟಕ್ಕೆ ಬರುವಷ್ಟರಲ್ಲಿ ಅದು ಮೊದಲು ಕರಾವಳಿ, ಆಮೇಲೆ ಕಣಿವೆ, ಆಮೇಲೆ ಬೆಟ್ಟ, ಕಟ್ಟಕಡೆಗೆ ಮರುಭೂಮಿ ಎಂದು ಪಾಠ ಒಪ್ಪಿಸುತ್ತಿತ್ತು. ಮೆಕ್ಸಿಕೊ ಬಿಟ್ಟು ಕ್ಯಾಲಿಫೋರ್ನಿಯಕ್ಕೆ ಬಂದ ನಮ್ಮ ಹಣೆಯಲ್ಲಿ ಬರೆದದ್ದು ಮರುಭೂಮಿ. ಹವಾಮಾನದಲ್ಲೂ ನಮಗೆ ಕೊನೇ ಪಂಕ್ತಿ!

"ಕರಾವಳೀಲಿ ತಂಪು ಗಾಳಿಯಂತೆ," ಎಂದು ಎಲಿಸೆಯೊ ದಿನಾ ಗೊಣಗುತ್ತಿದ್ದ. ನನ್ನ ಜೊತೆ ಮರ ಹತ್ತುವವನು, ಬಾಯಿಗೆ ಬೀಗವಿಲ್ಲ. "ನಮ್ ಪಾಲಿನ ಗಾಳೀನೂ ಅವ್ರೇ ಕುಡೀತಿದಾರೆ ನೋಡಿ."

ಅಲ್ಲಿಯವರೆಗೆ ಆಕೆ ನಗುತ್ತಿದ್ದಳು. ಬೆಟ್ಟ ಎಂಬ ಮಾತು ಬಂತೋ, "ಶ್! ಬಾಯ್ಮುಚ್ಚೋ!" ಯಾಕೆಂದು ಕೇಳಿದರೆ, "ಬೆಟ್ಟದಿಂದ ತಾನೆ ನಮಗೆ ನೀರು? ಕೇಳಿಸ್ಕೋಬಾರ್ದಾ?" ಎನ್ನುತ್ತಿದ್ದಳು.

ನೀರಲ್ಲ, ಮಗಳು. ಒಬ್ಬಳೇ ಮಗಳು ಮಿರೇಯಾ ಆ ಬೆಟ್ಟದ ಮೇಲೆ, ಪೈನ್ ಮರಗಳ ನಡುವಿನ ಒಂದು ವಸತಿಗೃಹದಲ್ಲಿ ಕೆಲಸಕ್ಕಿದ್ದಳು. ತೋಟದಲ್ಲಿ ನಿಂತರೆ ಬೆಟ್ಟ ಎದುರಿಗೇ ಕಾಣುತ್ತದೆ. ಆದರೆ ತಾಯಿ ಮಗಳ ನಡುವೆ ಮಾತಿರಲಿಲ್ಲ.

ಹಿಂದೊಂದು ಚಳಿಗಾಲದಲ್ಲಿ ಹಸಿಂತಾಳ ಗಂಡ ದೋನ್ ಫಿದೆನ್ಸ್ಯೊ ತೀರಿಕೊಂಡ. ಮಣ್ಣು ಮಾಡುವ ದಿನ ಮಗಳು ಬರಲಿಲ್ಲ. ಹಿಮ ಬಿದ್ದು ದಾರಿ ಮುಚ್ಚಿದೆ ಎಂದು ಫೋನು ಮಾಡಿದಳು. ಇಲ್ಲಿ ನಾವು ಕರೀ ಕೋಟಿನೊಳಗೆ ಬೆವರುತ್ತಿದ್ದೆವು. ಬೆಟ್ಟದಲ್ಲಿ ಹಗುರ ಹಿಮ ಎಂದು ರೇಡಿಯೊ ಬೆಳಿಗ್ಗೆಯಷ್ಟೇ ಹೇಳಿತ್ತು.

"ರೇಡಿಯೊ ಹಗುರ ಹಿಮ ಅಂತು," ಎಂದು ಗುಂಡಿಯ ಪಕ್ಕದಲ್ಲೇ ನಿಂತು ಹಸಿಂತಾ ಫೋನಿನಲ್ಲಿ ಕಿರುಚಿದಳು. "ಅಪ್ಪನ ಮಣ್ಣಿಗೂ ನಿಂಗೆ ನೆಪ ಸಿಕ್ತಾ?"

ಆಮೇಲೆ ಮಗಳು ಎಷ್ಟೋ ಸಲ ಫೋನು ಮಾಡಿದಳು, ಇವಳು ಎತ್ತಲಿಲ್ಲ. ಕೊನೆಗೆ ಅವಳೂ ಬಿಟ್ಟಳು. ನೂಲಿನಂತೆ ಸೀರೆ, ತಾಯಿಯಂತೆ ಮಗಳು.

ನಾನು ಒಮ್ಮೆ ಕೇಳಿಯೇಬಿಟ್ಟೆ. "ದೋನ್ಯಾ, ಒಂದ್ ಫೋನ್ ಮಾಡಿದ್ರೆ ನಿಮ್ಮ ಗಂಟೇನ್ ಹೋಗುತ್ತೆ?"

"ಚೋನ್, ನೀನು ಹತ್ತೋದಾದ್ರೆ ಮರ ಹತ್ತು. ನನ್ನ ತಲೆ ಮೇಲೆ ಹತ್ತಬೇಡ."

ನನಗೆ ಮೈಯೆಲ್ಲ ಉರಿಯಿತು. ಸತ್ತವರ ಸಂಕಟವನ್ನು ಇದ್ದವರ ಮೇಲೆ ತೀರಿಸಿಕೊಳ್ಳುವವರನ್ನು ಕಂಡರೆ ನನಗಾಗದು. ಆದರೆ ಮರುದಿನ ರೇಡಿಯೊ 'ಬೆಟ್ಟದಲ್ಲಿ ಕೊರೆಯುವ ಚಳಿ' ಎಂದಾಗ ಆಕೆ ಉರಿಯುವ ಒಲೆಯ ಮುಂದೆ ನಿಂತೇ ಶಾಲನ್ನು ಮೈತುಂಬ ಎಳೆದುಕೊಂಡಳು. ರೊಟ್ಟಿ ಹೊಗೆಯಾಡುತ್ತಿತ್ತು. ಇಂಥವಳ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ?

ಹೋದ ಸೆಪ್ಟೆಂಬರಿನಲ್ಲಿ ಖರ್ಜೂರದ ಗೊನೆ ಇಳಿಸುತ್ತಿದ್ದೆವು. ಗಾಡಿ ಎಂದಿನಂತೆ ಒಣಹಳ್ಳದೊಳಗೆ, ಮರಗಳ ಸಾಲಿನ ಬುಡದಲ್ಲಿ ನಿಂತಿತ್ತು. ಸುತ್ತಮುತ್ತ ನೆರಳಿದ್ದದ್ದು ಅಲ್ಲಿ ಮಾತ್ರ. ಉಂಡವರು ಹಳ್ಳದ ತಣ್ಣನೆ ಮರಳಿನಲ್ಲೇ ಮುಖಕ್ಕೆ ಟೋಪಿ ಮುಚ್ಚಿ ಮಲಗಿದ್ದರು. ಬೆಟ್ಟದಲ್ಲಿ ಅಲ್ಲಲ್ಲಿ ತುಂತುರು, ಮರುಭೂಮಿಯಲ್ಲಿ ಒಣ ಹವೆ, ನಿಚ್ಚಳ ಆಕಾಶ ಎಂದಿತು ರೇಡಿಯೊ.

ಅಷ್ಟರಲ್ಲಿ ಆಕೆಯ ಫೋನು ಬಡಿದುಕೊಂಡಿತು. ಹೆಸರು ನೋಡಿದ ಹಸಿಂತಾಳ ಕೈ ಅಲ್ಲೇ ನಿಂತಿತು. ಫೋನು ಬಡಿದು ಬಡಿದು ನಿಂತು, ಮತ್ತೆ ಶುರುವಾಯಿತು.

"ಎತ್ತಿ ದೋನ್ಯಾ. ನಿಮ್ಮ ದಮ್ಮಯ್ಯ," ಎಂದೆ.

ಎತ್ತಿದಳು. ಮಿರೇಯಾ ಮಳೆಯ ಅಬ್ಬರ ಮೀರಿ ಕೂಗುತ್ತಿದ್ದುದು ಕಿಟಕಿಯಾಚೆ ನಿಂತ ನಮಗೂ ಕೇಳಿಸಿತು. "ಅಮ್ಮಾ, ಹಳ್ಳದಲ್ಲೇ ಇದೀಯಾ?"

"ಇನ್ನೆಲ್ಲಿರ್ಲಿ?"

"ಗಾಡಿ ತೆಗಿ ಅಲ್ಲಿಂದ, ಈಗ್ಲೇ! ಇಲ್ಲಿ ಆಕಾಶಾನೇ ಕಳಚ್ಕೊಂಡು ಬೀಳ್ತಿದೆ. ನೀರೆಲ್ಲಾ ನಿಮ್ಮ ಕಡೆಗೇ ಇಳೀತಿದೆ, ಅಮ್ಮಾ!"

ಹಸಿಂತಾ ತಲೆಯೆತ್ತಿದಳು. ನೆತ್ತಿಯ ಮೇಲೆ ಒಂದು ಚೂರು ಮೋಡವಿಲ್ಲ. ಬೆಟ್ಟದ ತುದಿಯಲ್ಲಿ ಮಾತ್ರ ಒಂದಿಷ್ಟು ಕಪ್ಪಿತ್ತು.

"ರೇಡಿಯೊ ತುಂತುರು ಅಂತಲ್ಲ, ದೋನ್ಯಾ," ಎಂದ ಎಲಿಸೆಯೊ. "ಬಿಸಿಲು ನೋಡಿ, ತಲೆ ಸೀಳ್ತಿದೆ."

ಫೋನಿನಾಚೆ ಮಗಳಿಗೂ ಅದು ಕೇಳಿಸಿರಬೇಕು. ಗುಂಡಿಯ ಪಕ್ಕ ಹಸಿಂತಾ ಆಡಿದ ಮಾತು ನನಗೆ ನೆನಪಾಯಿತು.

ಹಸಿಂತಾ ಕೈ ಚಾಚಿ ರೇಡಿಯೊ ಆರಿಸಿದಳು. "ನನ್ನ ಮಗಳು ಹೇಳ್ತಿದಾಳೆ. ಏಳ್ರೋ!" ಎಂದವಳೇ ಫೋನನ್ನು ಏಪ್ರನ್ನಿನ ಜೇಬಿಗೆ ತುರುಕಿ ಸೌಟಿನಿಂದ ಗಾಡಿಯ ತಗಡನ್ನು ಬಡಿಯತೊಡಗಿದಳು. ಈಗ ತಾನೇ ಕಣ್ಣು ಹತ್ತಿತ್ತು ಎಂದು ಕೆಲವರು ಶಪಿಸಿದರು. ಏಳದವರನ್ನು ನಾನೂ ಎಲಿಸೆಯೊನೂ ಕಾಲು ಹಿಡಿದು ಎಳೆದೆವು. ಬೀನ್ಸ್ ಕಾಳಿನ ಪಾತ್ರೆ ಒಳಗೇ ಮಗುಚಿದರೂ ಆಕೆ ನಿಲ್ಲಿಸದೆ ಗಾಡಿಯನ್ನು ದಿಬ್ಬ ಹತ್ತಿಸಿದಳು.

ದಿಬ್ಬದ ಮೇಲೆ ಬಿಸಿಲಲ್ಲಿ ನಿಂತೆವು. ಏನೂ ಬರಲಿಲ್ಲ.

"ಎಲ್ಲಿ ದೋನ್ಯಾ ನಿಮ್ಮ ಹೊಳೆ?" ಎಲಿಸೆಯೊನ ಚಾಳಿ ಬಿಡದು. "ಮುಖ ತೊಳ್ಕೋಬೇಕಿತ್ತು."

ಯಾರೋ ನಕ್ಕರು. ಆಮೇಲೆ ಲಾರಿಗಳ ಸಾಲು ಬಂದ ಹಾಗೆ ಸದ್ದು ಬಂತು. ಹಿಂದೆಯೇ ಕಂದು ನೀರು ಹಳ್ಳದ ತುಂಬ ಉರುಳಿ ಬಂತು, ಅದರೊಳಗೆ ಕಲ್ಲು, ಬೇಲಿ, ಹಸಿರು ಮಾಸದ ಪೈನ್ ಕೊಂಬೆಗಳು. ನಮ್ಮೂರಲ್ಲಿ ಒಂದೂ ಪೈನ್ ಮರವಿಲ್ಲ. ನಮ್ಮವರು ಮಲಗಿದ್ದ ಮರಳು ಕಣ್ಣೆದುರೇ ಕೊಚ್ಚಿಹೋಯಿತು. ಎಲಿಸೆಯೊ ಟೋಪಿ ತೆಗೆದು ಶಿಲುಬೆಯ ಗುರುತು ಹಾಕಿಕೊಂಡ. ಆಗಲೂ ಬಿಸಿಲು ಕಾಯುತ್ತಲೇ ಇತ್ತು.

ಹಸಿಂತಾ ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತು ಫೋನು ತೆಗೆದಳು. ಮಗಳು ಇನ್ನೂ ಅಲ್ಲೇ ಇದ್ದಳು.

"ಬಂತು ಕಣೇ. ಎಲ್ರೂ ಮೇಲಿದೀವಿ."

ಹಸಿಂತಾ ನೀರಿನಲ್ಲಿ ತೇಲಿಹೋಗುವ ಪೈನ್ ಕೊಂಬೆಗಳನ್ನೇ ನೋಡಿದಳು. ಕೊನೆಗೆ ತಾಯಿಯೇ ಕೇಳಿದಳು. "ಅವತ್ತು... ಎಷ್ಟು ಹಿಮ ಇತ್ತು ಮಗಳೇ?"

"ಬಾಗಿಲು ತೆರೆಯಕ್ಕೇ ಆಗ್ಲಿಲ್ಲ, ಅಮ್ಮಾ. ಕಿಟಕಿಯಿಂದ ಇಳಿದು, ರಸ್ತೆ ತನಕ ಸನಿಕೆಯಲ್ಲಿ ಅಗೆದೆ. ಅಲ್ಲಿ ಹೋಗಿ ನೋಡಿದ್ರೆ ರಸ್ತೇನೇ ಕಾಣ್ಲಿಲ್ಲ. ಅಪ್ಪನಿಗೆ ಅಲ್ಲೇ ನಿಂತು ಕೈ ಮುಗಿದೆ."

ಹಸಿಂತಾ ನಮ್ಮೆಲ್ಲರ ಮುಂದೆ, ಯಾವ ಮುಲಾಜೂ ಇಲ್ಲದೆ ಅತ್ತಳು.

"ನೀನು ಹೇಳಿದ್ದೆ," ಎಂದಳು. "ನಾನೇ ರೇಡಿಯೊ ಮಾತು ಕೇಳ್ದೆ."