ಬಾಣದಕ್ಕ

ಸರೋವರಗಳ ಸುತ್ತಲಿನ ಗುಡ್ಡಗಳಲ್ಲಿ ಸೈಕಲ್ ಸವಾರರಿಗೆ ದಾರಿ ತೋರುವ ಹಳದಿ ಬಾಣಗಳನ್ನೆಲ್ಲ ಬರೆದವರು ಒಬ್ಬರೇ. ಎಲ್ಲರ ಬಾಯಲ್ಲೂ ಅವರು ಬಾಣದಕ್ಕ. ಬಣ್ಣದ ಡಬ್ಬಿಯನ್ನು ಹ್ಯಾಂಡಲಿಗೆ ತೂಗುಹಾಕಿಕೊಂಡು ಅವರು ಏರು ಹತ್ತುವುದನ್ನು ಕಂಡರೆ, ಗುಡ್ಡವೇ ತುಸು ಬಾಗಿ ಬೆನ್ನು ಕೊಟ್ಟಿತೇನೋ ಎನಿಸುತ್ತದೆ. "ಬ್ರೇಕ್ ಹಿಡೀರಪ್ಪಾ, ಕೆಳಗಿರೋದು ನೀರು, ನಿಮ್ಮ ಮಾವನ ಮನೆಯಲ್ಲ!" ಎಂಬ ಗದರಿಕೆಯೇ ಅವರ ನಿತ್ಯದ ಆಶೀರ್ವಾದ. ದಾರಿಯಲ್ಲಿ ಸಿಗುವ ಪಾಳುಕೋಟೆಯ ಹೆಬ್ಬಾಗಿಲಲ್ಲಿ ಮಾತ್ರ ಬಾಣವಿಲ್ಲ. ಅಲ್ಲಿ ತಪ್ಪಿ ಎಡಕ್ಕೆ ಹೊರಳಿದರೆ ಪ್ರಪಾತ. ಹಲಗೆ ನೆಟ್ಟರೆ ಗಾಳಿ ಉಳಿಸದು. "ಕಲ್ಲಿನ ಮೇಲೇ ಒಂದು ಗೆರೆ ಎಳೀರಿ ಅಕ್ಕ, ಯಾರು ನೋಡ್ತಾರೆ?" ಎಂದು ಸವಾರನೊಬ್ಬ ಕೇಳಿದರೆ, "ಕೋಟೆ ಕಟ್ಟಿದವರ ಉಳಿಯ ಗುರುತು ಇನ್ನೂ ಮಾಸಿಲ್ಲ ಕಣೋ, ಅದರ ಮೇಲೆ ನಾನು ಬಣ್ಣ ಬಳೀಲಾ?" ಎನ್ನುತ್ತಾರೆ. ಆದುದರಿಂದ ಸವಾರಿಯಿರುವ ಪ್ರತಿ ಬೆಳಗ್ಗೆಯೂ ಅವರೇ ಅಲ್ಲಿ ನಿಂತು ಬಲಕ್ಕೆ ತೋಳು ಚಾಚಿರುತ್ತಾರೆ. ತೋಳು ಸೋತರೆ ಇನ್ನೊಂದು ಕೈಯಿಂದ ಅದನ್ನು ಎತ್ತಿ ಹಿಡಿಯುತ್ತಾರೆಯೇ ಹೊರತು, ಕೊನೆಯ ಸೈಕಲ್ ದಾಟುವವರೆಗೆ ಇಳಿಸುವುದಿಲ್ಲ.