ನಾಲ್ಕು ತಟ್ಟೆಗಳ ಗುಟ್ಟು ಹೊತ್ತ ಕೋಶದಕ್ಕ

ಚಳಿಗಾಲದ ಬೆಳಗು, ಐದೂವರೆ ಗಂಟೆ. ಕಿಟಕಿ ಗಾಜಿನ ಮೇಲೆ ಇನ್ನೂ ಮಂಜು ಕೂತಿದೆ. ಸಂಶೋಧನಾಲಯದ ಎರಡನೆಯ ಮಹಡಿಯಲ್ಲಿ ಎಲ್ಲರೂ ಕೋಶದಕ್ಕ ಎಂದು ಕರೆಯುವ ಸಹಾಯಕಿ ಆಗಲೇ ಕೈಗವಸು ತೊಟ್ಟು, ಬೆಚ್ಚನೆಯ ಪೆಟ್ಟಿಗೆಯಿಂದ ಅಂಗೈಯಗಲದ ತಟ್ಟೆಗಳನ್ನು ಒಂದೊಂದಾಗಿ ಹೊರತೆಗೆಯುತ್ತಿದ್ದಾರೆ. ಪ್ರತಿ ತಟ್ಟೆಯ ತಳದಲ್ಲೂ ಲಕ್ಷಗಟ್ಟಲೆ ಜೀವಕೋಶಗಳು. ಹಳೆಯ ಪೋಷಕದ್ರವ ಹೀರಿ ತೆಗೆದು ಹೊಸದನ್ನು ಹೊಯ್ಯಬೇಕು. ಅಕ್ಕನ ಬಾಯಲ್ಲಿ ಅದು ಮೇವು. ಹೊಸ ಸಂಶೋಧಕರು ನಕ್ಕರೆ, "ನಗ್ರಪ್ಪ ನಗಿ. ಭಾನುವಾರ ಇವಕ್ಕೆ ಹಸಿವಾಗಲ್ಲ ಅಂತ ನಿಮ್ಮ ಪುಸ್ತಕದಲ್ಲಿದ್ರೆ ತೋರ್ಸಿ, ನಾನೂ ಮಲಗ್ತೀನಿ" ಎನ್ನುತ್ತಾರೆ.

ದಿನಕ್ಕೆ ನೂರಾನಲವತ್ತು ತಟ್ಟೆ, ವಾರಕ್ಕೆ ಏಳು ದಿನ, ಇಪ್ಪತ್ತೆರಡು ವರ್ಷ. ಅಕ್ಕ ದನಕರುಗಳ ಮನೆಯಿಂದ ಬಂದವರು. ತಂಗಿಯ ಮದುವೆಗೂ ಬೆಳಗಿನ ಮೇವು ಮುಗಿಸಿಯೇ ಹೋದದ್ದನ್ನು ತಂಗಿ ಇಂದಿಗೂ ಎತ್ತಿ ಆಡುತ್ತಾಳೆ.

ಹನ್ನೊಂದು ವರ್ಷದ ಹಿಂದಿನ ಮಾತು. ಅಕ್ಕ ನಾಲ್ಕು ತಟ್ಟೆಗಳ ಮುಚ್ಚಳ ತೆಗೆದು, ಹಳೆಯ ಮೇವು ಹೀರಿ, ಬೆಳಕಿಗೆಂದು ಗುಂಡಿ ಒತ್ತಿದರು. ಒತ್ತಿದ್ದು ಪಕ್ಕದ್ದು. ಕ್ರಿಮಿ ಕೊಲ್ಲುವ ನೀಲಿ ದೀಪ ನಾಲ್ಕೈದು ಸೆಕೆಂಡು ಉರಿಯಿತು. ಕೋಶಗಳೇನೂ ಸಾಯಲಿಲ್ಲ. ಅಕ್ಕ ಮೇವು ಹೊಯ್ದು ಸುಮ್ಮನಾದರು. ಆ ತಟ್ಟೆಗಳಿಗೆ ವೈರಸ್ ಸೇರಿಸಿದ ಸಂಶೋಧಕ ಹುಡುಗಿ ಎರಡು ದಿನ ಬಿಟ್ಟು ಓಡಿ ಬಂದಳು. ಉಳಿದವುಗಳಿಗಿಂತ ಆ ನಾಲ್ಕರಲ್ಲಿ ವೈರಸ್ ಮೂರು ಪಟ್ಟು ಬೆಳೆದಿತ್ತು.

"ಅಕ್ಕಾ, ಇವಕ್ಕೆ ಏನಾದ್ರೂ ಮಾಡಿದ್ರಾ?"

"ಇಲ್ಲ ಕಣಮ್ಮ, ನಾನೇನ್ ಮಾಡ್ಲಿ?"

"ಆ ವಾರವೇ ನನ್ನ ಕೆಲಸ ಮುಂದುವರಿಸೋ ಕಾಗದಕ್ಕೆ ಸಹಿ ಬೀಳ್ಬೇಕಿತ್ತು" ಎನ್ನುತ್ತಾರೆ ಅಕ್ಕ. "ನಾಲಿಗೆ ಏಳಲಿಲ್ಲ."

ಹುಡುಗಿ ಎರಡು ವರ್ಷ ಅದೇ ಪ್ರಯೋಗಕ್ಕೆ ಜೋತುಬಿದ್ದಳು. ಆ ಫಲಿತಾಂಶ ಮತ್ತೆ ಬರಲೇ ಇಲ್ಲ. ಅಂಕಿಗಳನ್ನು ಹೊಸೆದಳೆಂಬ ಗುಸುಗುಸು ಎದ್ದಿತು. ಪದವಿ ಅರ್ಧಕ್ಕೇ ಬಿಟ್ಟು ಹೋದಳು.

ಕಾರಣ ತಿಳಿದದ್ದು ಈಚೆಗೆ, ಅದೇ ಮಹಡಿಯ ಬೇರೆ ಸಂಶೋಧಕರ ಪ್ರಯೋಗದಲ್ಲಿ. ಕೋಶದ ಡಿಎನ್ಎಗೆ ಪೆಟ್ಟು ಬಿದ್ದರೆ ರಿಪೇರಿ ಮಾಡುವ ಪ್ರೊಟೀನುಗಳು ಎದ್ದು ಬರುತ್ತವೆ. ಈ ವೈರಸ್‌ನದು ಆರ್‌ಎನ್‌ಎ ಬಾಳು, ಡಿಎನ್ಎಯ ಹಂಗೇ ಅದಕ್ಕಿಲ್ಲ. ಆದರೂ ರಿಪೇರಿಯವರನ್ನು ಹಿಡಿದು ತನ್ನ ನಕಲು ತೆಗೆಯುವ ಚಾಕರಿಗೆ ಹಚ್ಚುತ್ತದೆ. ನೀಲಿ ದೀಪ ಆ ದಿನ ಡಿಎನ್ಎಗೆ ಪೆಟ್ಟು ಕೊಟ್ಟು ಅವರನ್ನು ಮೊದಲೇ ಎಬ್ಬಿಸಿಟ್ಟಿತ್ತು. "ಗೋಡೆ ಬಿರುಕು ಬಿಟ್ಟಿತು ಅಂತ ನಾವು ಗಾರೆಯವರನ್ನ ಕರೆಸ್ತೀವಿ. ಈ ಕಳ್ಳ ಬಾಗಿಲಲ್ಲೇ ತಡೆದು, ಮೊದಲು ನಮ್ಮನೆ ಕಟ್ಟಿ ಬನ್ನಿ ಅಂತಾನೆ" ಎಂದು ವಿವರಿಸುತ್ತಾರೆ ಅಕ್ಕ.

ಕಳೆದ ತಿಂಗಳು ಅವರು ಮೇಲಿನವರಿಗೆ ಎಲ್ಲ ಹೇಳಿ, ಆ ಹುಡುಗಿಗೂ ಫೋನ್ ಮಾಡಿದರು. ಅವಳೀಗ ಔಷಧಿ ಅಂಗಡಿ ನಡೆಸುತ್ತಾಳೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ನಿಮ್ಮ ಮಂಡಿನೋವು ಹೇಗಿದೆ ಅಕ್ಕಾ?" ಎಂದಳಂತೆ.

"ಬಾಯಿಗೆ ಬಂದಂಗೆ ಬೈದಿದ್ರೆ ಅಲ್ಲಿಗೆ ತೀರಿಹೋಗ್ತಿತ್ತು" ಎನ್ನುತ್ತಾ ಅಕ್ಕ ಮುಂದಿನ ತಟ್ಟೆಗೆ ಕೈ ಚಾಚುತ್ತಾರೆ. "ಬೈಲಿಲ್ಲ ನೋಡಿ."